ಫೆರಿ ಹಡಗುಗಳಲ್ಲಿ ವಾಹನಗಳ ಭದ್ರಪಡಿಸುವಿಕೆ

ಫೆರಿ ಹಡಗುಗಳಲ್ಲಿ ವಾಹನಗಳ ಭದ್ರಪಡಿಸುವಿಕೆ ಎಂದರೆ ಹಡಗು, ಲಾಂಚ್ ಅಥವಾ ಜಂಗಲ್‌ಗಳ ಮೇಲೆ ಸಾಗಿಸುವ ಕಾರು, ಬಸ್ಸು, ಲಾರಿ, ಟ್ರೇಲರ್ ಮತ್ತು ದ್ವಿಚಕ್ರ ವಾಹನಗಳು ಯಾನದ ಅವಧಿಯಲ್ಲಿ ಜಾರದಂತೆ, ಉರುಳದಂತೆ ಹಾಗೂ ಮಗುಚದಂತೆ ಡೆಕ್‌ಗೆ ಬಿಗಿಯುವ ಕ್ರಮವಾಗಿದೆ. ಇದನ್ನು ನೌಕಾ ಪರಿಭಾಷೆಯಲ್ಲಿ ಲ್ಯಾಶಿಂಗ್ ಎಂದು ಕರೆಯಲಾಗುತ್ತದೆ. ಸರಪಳಿ, ನೇಯ್ದ ಪಟ್ಟಿ, ಗಾಲಿತಡೆ, ಆಧಾರಪೀಠ ಮೊದಲಾದವು ಇದರ ಮುಖ್ಯ ಸಾಧನಗಳಾಗಿವೆ.

ವಾಹನಗಳು ತಾವಾಗಿಯೇ ಚಲಿಸಿ ಒಳಸೇರಿ, ಚಲಿಸಿಯೇ ಹೊರಬರುವ ಹಡಗುಗಳಿಗೆ ರೋ-ರೋ ಹಡಗುಗಳೆಂದು ಹೆಸರು. ಅವುಗಳಲ್ಲಿ ಪ್ರಯಾಣಿಕರನ್ನೂ ಒಯ್ಯುವ ಹಡಗುಗಳನ್ನು ರೋ-ಪ್ಯಾಕ್ಸ್ ಎನ್ನುತ್ತಾರೆ. ಇಂತಹ ಹಡಗುಗಳ ವಾಹನ ಡೆಕ್ ಸಾಮಾನ್ಯವಾಗಿ ಅಡ್ಡಗೋಡೆಗಳಿಲ್ಲದ ಒಂದೇ ವಿಶಾಲ ಅಂಗಣವಾಗಿರುತ್ತದೆ. ಆದುದರಿಂದ ಒಂದು ವಾಹನ ಸಡಿಲಗೊಂಡರೆ ಅದು ನೆರೆಯ ವಾಹನಗಳಿಗೆ ಬಡಿದು, ಅವುಗಳ ಕಟ್ಟನ್ನೂ ಕಿತ್ತು, ಭಾರವೆಲ್ಲ ಒಂದೇ ಬದಿಗೆ ಸರಿಯುವ ಅಪಾಯವಿರುತ್ತದೆ. ಸರಕು ಹೀಗೆ ಸರಿದುದರಿಂದ ಹಡಗುಗಳು ವಾಲಿ ಮುಳುಗಿದ ದುರಂತಗಳು ಹಲವು ದಾಖಲಾಗಿವೆ.

ಇತಿಹಾಸ

ಗಾಲಿಯುಳ್ಳ ವಾಹನಗಳನ್ನು ನೇರವಾಗಿ ಹಡಗಿನ ಮೇಲೆ ಹತ್ತಿಸುವ ಪದ್ಧತಿ ರೈಲು ಫೆರಿಗಳಿಂದ ಆರಂಭವಾಯಿತು. ಸ್ಕಾಟ್ಲೆಂಡಿನ ಫೋರ್ತ್ ಅಳಿವೆಯಲ್ಲಿ 1850ರಲ್ಲಿ ಸೇವೆಗೆ ಬಂದ 'ಲೆವಿಯಥನ್' ಎಂಬ ಹಡಗು ಗ್ರಾಂಟನ್ ಮತ್ತು ಬರ್ಂಟ್‌ಐಲೆಂಡ್ ನಡುವೆ ರೈಲಿನ ಸರಕು ಬಂಡಿಗಳನ್ನು ದಾಟಿಸುತ್ತಿತ್ತು. ಹಳಿಗಳು ಡೆಕ್‌ನ ಮೇಲೂ ಮುಂದುವರಿದಿದ್ದವು.

ಮೋಟಾರು ಕಾರುಗಳು ಬಂದ ಮೊದಲ ದಶಕಗಳಲ್ಲಿ ಅವುಗಳನ್ನು ಕ್ರೇನ್‌ನಿಂದ ಎತ್ತಿ ಹಡಗಿನ ಒಡಲಿಗೆ ಇಳಿಸಿ, ಇತರ ಸರಕಿನಂತೆಯೇ ಹಗ್ಗದಿಂದ ಕಟ್ಟಲಾಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ದಡಕ್ಕಿಳಿಸಲು ನಿರ್ಮಿಸಿದ, ಮುಂಭಾಗದಲ್ಲಿ ಬಾಗಿಲುಳ್ಳ ನೌಕೆಗಳು ಯುದ್ಧಾನಂತರ ವಾಣಿಜ್ಯ ಸಾಗಣೆಗೆ ಬಳಕೆಯಾದವು. ಆ ಬಳಿಕ ಲಾರಿಗಳ ಸಂಖ್ಯೆ ಮತ್ತು ತೂಕ ಹೆಚ್ಚಿದಂತೆ ಹಗ್ಗದ ಸ್ಥಾನವನ್ನು ಉಕ್ಕಿನ ಸರಪಳಿ ಹಾಗೂ ಡೆಕ್‌ಗೆ ಬೆಸೆದ ಕೊಂಡಿಗಳು ಪಡೆದವು. 1980ರ ದಶಕದಿಂದ ಈ ಕ್ರಮಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ರೂಪುಗೊಂಡವು.

ಹಡಗಿನ ಚಲನೆ ಮತ್ತು ಬಲಗಳು

ಸಮುದ್ರದಲ್ಲಿರುವ ಹಡಗು ಆರು ಬಗೆಯಲ್ಲಿ ಚಲಿಸುತ್ತದೆ. ಎಡಬಲಕ್ಕೆ ಹೊರಳುವುದು (ರೋಲ್), ಮೂತಿ ಮತ್ತು ಹಿಂಭಾಗ ಏರಿಳಿಯುವುದು (ಪಿಚ್), ದಿಕ್ಕು ತಿರುಗುವುದು (ಯಾ) ಇವು ತಿರುಗು ಚಲನೆಗಳು. ಇಡಿಯಾಗಿ ಮೇಲೆ ಕೆಳಗೆ ಚಲಿಸುವುದು (ಹೀವ್), ಮುಂದಕ್ಕೆ ಹಿಂದಕ್ಕೆ ತಳ್ಳಲ್ಪಡುವುದು (ಸರ್ಜ್), ಪಕ್ಕಕ್ಕೆ ಸರಿಯುವುದು (ಸ್ವೇ) ಇವು ನೇರ ಚಲನೆಗಳು. ವಾಹನಗಳ ಮಟ್ಟಿಗೆ ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಎಡಬಲದ ಹೊರಳಾಟ.

ಜಾರುವಿಕೆ

ಡೆಕ್ ವಾಲಿದಾಗ ವಾಹನದ ತೂಕದ ಒಂದು ಭಾಗ ಡೆಕ್‌ಗೆ ಸಮಾನಾಂತರವಾಗಿ, ಇಳಿಜಾರಿನ ಕಡೆಗೆ ಎಳೆಯುತ್ತದೆ. ಇದನ್ನು ತಡೆಯುವ ಮೊದಲ ಬಲ ಟೈರ್ ಮತ್ತು ಡೆಕ್ ನಡುವಿನ ಘರ್ಷಣೆ. ಲೆಕ್ಕಾಚಾರಗಳಲ್ಲಿ ಉಕ್ಕು ಮತ್ತು ರಬ್ಬರ್ ನಡುವಿನ ಘರ್ಷಣಾಂಕವನ್ನು 0.3 ಎಂದೂ, ಒಣ ಉಕ್ಕಿನ ಮೇಲೆ ಉಕ್ಕು ಇದ್ದಲ್ಲಿ 0.1 ಎಂದೂ, ಉಕ್ಕಿನ ಎರಡು ಮೇಲ್ಮೈಗಳ ನಡುವೆ ನೀರಿದ್ದರೆ ಸೊನ್ನೆ ಎಂದೂ ಪರಿಗಣಿಸಲಾಗುತ್ತದೆ.

ಉದಾಹರಣೆಗೆ 20 ಟನ್ ತೂಕದ ಲಾರಿಯೊಂದನ್ನು ತೆಗೆದುಕೊಳ್ಳಬಹುದು. ಡೆಕ್ 20 ಡಿಗ್ರಿ ವಾಲಿದಾಗ ಇಳಿಜಾರಿನತ್ತ ಎಳೆಯುವ ಬಲ ಸುಮಾರು 6.8 ಟನ್ ತೂಕಕ್ಕೆ ಸಮ. ಘರ್ಷಣೆ ತಡೆಯಬಲ್ಲದ್ದು ಸುಮಾರು 5.6 ಟನ್. 30 ಡಿಗ್ರಿಗೆ ವಾಲಿದರೆ ಎಳೆತ 10 ಟನ್‌ಗೆ ಏರುತ್ತದೆ, ಆದರೆ ಘರ್ಷಣೆ 5.2 ಟನ್‌ಗೆ ಇಳಿಯುತ್ತದೆ. ಉಳಿದ ಭಾರವನ್ನೆಲ್ಲ ಸರಪಳಿಗಳೇ ಹೊರಬೇಕು. ಇದು ಹಡಗು ವಾಲಿ ನಿಂತಿದ್ದಾಗಿನ ಲೆಕ್ಕ ಮಾತ್ರ. ಅಲೆಗಳಲ್ಲಿ ಹಡಗು ವೇಗವಾಗಿ ಹೊರಳುವಾಗ ಉಂಟಾಗುವ ವೇಗೋತ್ಕರ್ಷ ಇದಕ್ಕೆ ಸೇರುತ್ತದೆ. ಹಡಗು ಅಲೆಯ ಇಳಿಜಾರಿನಲ್ಲಿ ಕೆಳಕ್ಕೆ ಕುಸಿಯುವ ಕ್ಷಣದಲ್ಲಿ ವಾಹನ ಡೆಕ್‌ನ ಮೇಲೆ ಒತ್ತುವ ಬಲ ಕಡಿಮೆಯಾಗುವುದರಿಂದ ಘರ್ಷಣೆಯೂ ತಾತ್ಕಾಲಿಕವಾಗಿ ಕುಗ್ಗುತ್ತದೆ. ಎಣ್ಣೆ, ಗ್ರೀಸ್ ಅಥವಾ ನೀರು ಬಿದ್ದ ಡೆಕ್‌ನಲ್ಲಿ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ.

ಕೈಬ್ರೇಕ್ ಹಾಕುವುದರಿಂದ ಗಾಲಿಗಳು ಉರುಳುವುದು ನಿಲ್ಲುತ್ತದೆಯೇ ಹೊರತು ವಾಹನ ಪಕ್ಕಕ್ಕೆ ಜಾರುವುದು ನಿಲ್ಲುವುದಿಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಮಗುಚುವಿಕೆ

ಎತ್ತರದ ವಾಹನಗಳು ಜಾರುವ ಮೊದಲೇ ಮಗುಚಬಹುದು. ಇದು ವಾಹನದ ಗುರುತ್ವ ಕೇಂದ್ರದ ಎತ್ತರ ಮತ್ತು ಎಡಬಲದ ಗಾಲಿಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಗಾಲಿಗಳ ಅಂತರ 2 ಮೀಟರ್ ಮತ್ತು ಗುರುತ್ವ ಕೇಂದ್ರದ ಎತ್ತರವೂ 2 ಮೀಟರ್ ಇರುವ ಲಾರಿ, ಕಟ್ಟಿರದಿದ್ದರೆ, ಡೆಕ್ ಸುಮಾರು 26 ಡಿಗ್ರಿ ವಾಲಿದಾಗ ಮಗುಚುವ ಹಂತ ತಲುಪುತ್ತದೆ. ಸ್ಪ್ರಿಂಗ್ ಹಾಗೂ ಗಾಳಿಚೀಲದ ಸಸ್ಪೆನ್ಷನ್ ಒಂದು ಬದಿಗೆ ಕುಗ್ಗುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆ ಕೋನದಲ್ಲಿಯೇ ಅಪಾಯ ಎದುರಾಗುತ್ತದೆ. ಹತ್ತಿ, ಹುಲ್ಲು ಮುಂತಾದ ಎತ್ತರದ ಹೇರು ಹೊತ್ತ ಲಾರಿಗಳು, ಅರ್ಧ ತುಂಬಿದ ಟ್ಯಾಂಕರುಗಳು, ಜಾನುವಾರು ಸಾಗಿಸುವ ವಾಹನಗಳು ಈ ದೃಷ್ಟಿಯಿಂದ ಸೂಕ್ಷ್ಮವಾದವು. ಟ್ಯಾಂಕರಿನೊಳಗಿನ ದ್ರವವು ಹಡಗಿನೊಂದಿಗೆ ತಾನೂ ಹೊಯ್ದಾಡಿ ಗುರುತ್ವ ಕೇಂದ್ರವನ್ನು ವಾಲಿದ ಬದಿಗೆ ಒಯ್ಯುತ್ತದೆ.

ವಾಹನ ನಿಂತ ಸ್ಥಳದ ಪ್ರಭಾವ

ಹಡಗಿನ ಎಲ್ಲ ಸ್ಥಳಗಳಲ್ಲಿ ಬಲ ಒಂದೇ ಆಗಿರುವುದಿಲ್ಲ. ಮೇಲಿನ ಡೆಕ್‌ಗಳಲ್ಲಿ ಹೊರಳಾಟದ ಬಲ ಹೆಚ್ಚು. ಮೂತಿ ಮತ್ತು ಹಿಂಭಾಗದ ತುದಿಗಳಲ್ಲಿ ಏರಿಳಿತದ ಬಲ ಹೆಚ್ಚು. ಹಡಗಿನ ನಡುಭಾಗದ ಕೆಳ ಡೆಕ್ ಅತ್ಯಂತ ಶಾಂತ ಸ್ಥಳವಾಗಿದೆ. ಆದ್ದರಿಂದ ಭಾರವಾದ ಹಾಗೂ ಎತ್ತರದ ವಾಹನಗಳನ್ನು ಸಾಧ್ಯವಾದಷ್ಟು ಅಲ್ಲಿಯೇ ನಿಲ್ಲಿಸಲಾಗುತ್ತದೆ.

ಭಾರವನ್ನೆಲ್ಲ ತಳಕ್ಕೆ ತುಂಬುವುದರಿಂದಲೂ ಒಂದು ತೊಡಕಿದೆ. ಹಾಗೆ ತುಂಬಿದ ಹಡಗು ವಾಲಿದೊಡನೆ ಥಟ್ಟನೆ ಮರಳುತ್ತದೆ. ಸ್ಥಿರತೆ ಹೆಚ್ಚಾದರೂ ಹೊರಳಾಟ ಚುರುಕಾಗಿ, ಸರಪಳಿಗಳ ಮೇಲೆ ಬೀಳುವ ಜಗ್ಗು ಹೆಚ್ಚುತ್ತದೆ. ಇದಕ್ಕೆ ವಿರುದ್ಧವಾಗಿ ಮೇಲ್ಭಾಗ ಭಾರವಾದ ಹಡಗು ನಿಧಾನವಾಗಿ ಹೊರಳುತ್ತದೆ, ಆದರೆ ನೇರವಾಗಿ ನಿಲ್ಲುವ ಅದರ ಶಕ್ತಿ ಕುಗ್ಗಿರುತ್ತದೆ. ಈ ಎರಡರ ನಡುವಣ ಸಮತೋಲನವನ್ನು ಹಡಗಿನ ಮುಖ್ಯ ಅಧಿಕಾರಿಯು ಸರಕು ತುಂಬುವ ಮುನ್ನವೇ ಲೆಕ್ಕಹಾಕಬೇಕಾಗುತ್ತದೆ.

ಸಾಧನಗಳು

ಡೆಕ್‌ನ ಕೊಂಡಿಗಳು: ಡೆಕ್‌ಗೆ ಬೆಸೆದ ಉಂಗುರಗಳು ಅಥವಾ ಹೂದಳದ ಆಕಾರದ ಕುಳಿಗಳು ಸರಪಳಿಯ ಒಂದು ತುದಿಯನ್ನು ಹಿಡಿಯುತ್ತವೆ.

ಸರಪಳಿ ಮತ್ತು ಬಿಗಿಗೋಲು: ಭಾರಿ ವಾಹನಗಳಿಗೆ ಉಕ್ಕಿನ ಸರಪಳಿ ಬಳಸಲಾಗುತ್ತದೆ. ಕೊಕ್ಕೆ ಸಿಕ್ಕಿಸಿದ ನಂತರ ಸನ್ನೆಕೋಲಿನಂತಹ ಲಿವರ್ ಅಥವಾ ಟರ್ನ್‌ಬಕಲ್‌ನಿಂದ ಅದನ್ನು ಬಿಗಿಗೊಳಿಸುತ್ತಾರೆ. ಸರಪಳಿ ಸ್ವಲ್ಪ ಸಡಿಲವಾದರೂ ಕಳಚಿಕೊಳ್ಳದ ಕೊಕ್ಕೆಗಳನ್ನೇ ಬಳಸಬೇಕೆಂಬ ನಿಯಮವಿದೆ.

ನೇಯ್ದ ಪಟ್ಟಿ: ಪಾಲಿಯೆಸ್ಟರ್ ಪಟ್ಟಿಗಳನ್ನು ರ‍್ಯಾಚೆಟ್‌ನಿಂದ ಬಿಗಿಯಲಾಗುತ್ತದೆ. ಕಾರು ಹಾಗೂ ದ್ವಿಚಕ್ರ ವಾಹನಗಳಿಗೆ ಇವು ಸೂಕ್ತ. ಚೂಪಾದ ಅಂಚಿಗೆ ಉಜ್ಜಿದರೆ ಹರಿಯುತ್ತವೆ.

ಗಾಲಿತಡೆ: ಗಾಲಿಯ ಹಿಂದೆ ಮುಂದೆ ಇಡುವ ಮರದ ಅಥವಾ ರಬ್ಬರಿನ ಬೆಣೆ. ಘಾಟಿ ರಸ್ತೆಯಲ್ಲಿ ಲಾರಿ ನಿಂತಾಗ ಗಾಲಿಗೆ ಕಲ್ಲು ಕೊಡುವುದರ ತತ್ವವೇ ಇಲ್ಲಿಯೂ ಇದೆ.

ಆಧಾರಪೀಠ: ಎಳೆಯುವ ವಾಹನದಿಂದ ಬೇರ್ಪಡಿಸಿದ ಅರೆ-ಟ್ರೇಲರುಗಳ ಮುಂಭಾಗವನ್ನು ಹೊರುವ ಉಕ್ಕಿನ ಕುದುರೆ. ಟ್ರೇಲರಿನ ಸ್ವಂತ ಊರುಗಾಲುಗಳು ಸಮುದ್ರದ ಹೊಯ್ದಾಟ ತಾಳುವಂತೆ ವಿನ್ಯಾಸಗೊಂಡಿರದಿದ್ದರೆ ಅವುಗಳ ಮೇಲೆ ಮಾತ್ರ ನಿಲ್ಲಿಸಬಾರದು.

ಯಾವುದೇ ಸಾಧನವನ್ನು ಅದು ತುಂಡಾಗುವ ಮಿತಿಯವರೆಗೆ ನಂಬಲಾಗುವುದಿಲ್ಲ. ಬಳಕೆಗೆ ಅನುಮತಿಸಿದ ಗರಿಷ್ಠ ಭಾರವನ್ನು ಗರಿಷ್ಠ ಬಂಧನ ಭಾರ ಎನ್ನುತ್ತಾರೆ. ಅದು ಸರಪಳಿಗೆ ತುಂಡಾಗುವ ಬಲದ 50%, ನಾರಿನ ಹಗ್ಗಕ್ಕೆ 33%, ಮತ್ತೆ ಮತ್ತೆ ಬಳಸುವ ಉಕ್ಕಿನ ತಂತಿ ಹಗ್ಗಕ್ಕೆ 30%, ಒಂದೇ ಬಾರಿ ಬಳಸುವ ತಂತಿ ಹಗ್ಗಕ್ಕೆ 80% ಎಂದು ನಿಗದಿಯಾಗಿದೆ.

ಬಿಗಿಯುವ ಕ್ರಮ

ತುಂಬುವ ಹಂತ

ವಾಹನಗಳನ್ನು ಸಾಮಾನ್ಯವಾಗಿ ಹಡಗಿನ ಉದ್ದಕ್ಕೆ ಮುಖಮಾಡಿ ನಿಲ್ಲಿಸಲಾಗುತ್ತದೆ. ಹೀಗೆ ನಿಂತ ವಾಹನ ಹಡಗು ಹೊರಳುವಾಗ ಗಾಲಿಗಳ ಮೇಲೆ ಉರುಳಲಾರದು. ಅಡ್ಡಲಾಗಿ ನಿಲ್ಲಿಸಲೇಬೇಕಾದಲ್ಲಿ ಹೆಚ್ಚುವರಿ ಕಟ್ಟುಗಳು ಅಗತ್ಯ. ವಾಹನ ನಿಂತ ಮೇಲೆ ಕೈಬ್ರೇಕ್ ಹಾಕಿ, ಗಾಲಿತಡೆ ಇಡಲಾಗುತ್ತದೆ. ಡೀಸೆಲ್ ವಾಹನಗಳನ್ನು ಯಾನದಲ್ಲಿ ಗೇರ್‌ನಲ್ಲಿ ಬಿಡಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಗಾಳಿಚೀಲದ ಸಸ್ಪೆನ್ಷನ್ ಇರುವ ಲಾರಿಗಳಲ್ಲಿ ಯಾನದ ನಡುವೆ ಗಾಳಿ ಸೋರಿದರೆ ವಾಹನ ತಗ್ಗಿ ಸರಪಳಿ ಸಡಿಲವಾಗುತ್ತದೆ. ಅದಕ್ಕಾಗಿ ಮೊದಲೇ ಗಾಳಿ ಬಿಟ್ಟು ವಾಹನವನ್ನು ತಗ್ಗಿಸಿ ನಂತರ ಕಟ್ಟುವ ರೂಢಿಯಿದೆ.

ಕಟ್ಟುವ ಕೋನ

ಸರಪಳಿಯು ಡೆಕ್‌ನೊಂದಿಗೆ 30ರಿಂದ 60 ಡಿಗ್ರಿ ಕೋನದಲ್ಲಿರಬೇಕು. ತೀರಾ ನೆಟ್ಟಗೆ ಕಟ್ಟಿದ ಸರಪಳಿ ಮಗುಚುವುದನ್ನು ತಡೆದರೂ ಜಾರುವುದನ್ನು ತಡೆಯದು. ತೀರಾ ಅಡ್ಡವಾಗಿ ಕಟ್ಟಿದುದು ಜಾರುವುದನ್ನು ತಡೆದರೂ ಮಗುಚುವುದನ್ನು ತಡೆಯಲು ಸಾಲದು. ವಾಹನದ ಚಾಸಿಗೆ ತಯಾರಕರು ಅಳವಡಿಸಿದ ಬಂಧನ ಬಿಂದುಗಳಿಗೆ ಮಾತ್ರ ಕೊಕ್ಕೆ ಹಾಕಬೇಕು, ಒಂದು ಬಿಂದುವಿಗೆ ಒಂದೇ ಕೊಕ್ಕೆ. ಬಂಪರ್, ಅಚ್ಚು, ಬ್ರೇಕ್ ಕೊಳವೆಗಳ ಸಮೀಪದ ಭಾಗಗಳಿಗೆ ಕಟ್ಟುವುದು ಅಪಾಯಕರ.

ಸರಪಳಿಗಳ ಸಂಖ್ಯೆ

ಸರಳ ಸೂತ್ರವೊಂದರ ಪ್ರಕಾರ ವಾಹನದ ಪ್ರತಿ ಬದಿಯ ಕಟ್ಟುಗಳ ಒಟ್ಟು ಗರಿಷ್ಠ ಬಂಧನ ಭಾರವು ಆ ವಾಹನದ ಪೂರ್ಣ ತೂಕಕ್ಕೆ ಸಮನಾಗಿರಬೇಕು. ಡೆಕ್‌ನೊಂದಿಗೆ 60 ಡಿಗ್ರಿಗಿಂತ ಹೆಚ್ಚು ಕಡಿದಾಗಿರುವ ಕಟ್ಟುಗಳನ್ನು ಜಾರುವಿಕೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. 20 ಟನ್ ಲಾರಿಯ ತೂಕ ಸುಮಾರು 200 ಕಿಲೋನ್ಯೂಟನ್. 100 ಕಿಲೋನ್ಯೂಟನ್ ಸಾಮರ್ಥ್ಯದ ಸರಪಳಿಗಳಾದರೆ ಪ್ರತಿ ಬದಿಗೆ ಎರಡು ಬೇಕಾಗುತ್ತವೆ. ವಾಹನಗಳಲ್ಲಿರಬೇಕಾದ ಬಂಧನ ಬಿಂದುಗಳ ಕನಿಷ್ಠ ಸಂಖ್ಯೆಯೂ ಇದಕ್ಕೆ ಹೊಂದಿಕೊಂಡಿದೆ:

3.5 ಟನ್‌ನಿಂದ 20 ಟನ್‌ವರೆಗೆ: ಪ್ರತಿ ಬದಿಗೆ 2
20 ಟನ್‌ಗಿಂತ ಹೆಚ್ಚು, 30 ಟನ್‌ವರೆಗೆ: ಪ್ರತಿ ಬದಿಗೆ 3
30 ಟನ್‌ಗಿಂತ ಹೆಚ್ಚು, 40 ಟನ್‌ವರೆಗೆ: ಪ್ರತಿ ಬದಿಗೆ 4

ಕಾರು ಮತ್ತು ದ್ವಿಚಕ್ರ ವಾಹನಗಳು

ಕಾರುಗಳ ಗುರುತ್ವ ಕೇಂದ್ರ ತಗ್ಗಿನಲ್ಲಿರುವುದರಿಂದ ಶಾಂತ ಸಮುದ್ರದ ಕಿರು ಯಾನಗಳಲ್ಲಿ ಕೈಬ್ರೇಕ್ ಮತ್ತು ಗಾಲಿತಡೆಗಳೇ ಸಾಕೆನಿಸಬಹುದು. ಬಿರುಸಿನ ಹವಾಮಾನದ ಮುನ್ಸೂಚನೆ ಇದ್ದರೆ ಗಾಲಿಗಳಿಗೆ ಪಟ್ಟಿ ಹಾಕಿ ಡೆಕ್‌ಗೆ ಬಿಗಿಯಲಾಗುತ್ತದೆ. ದ್ವಿಚಕ್ರ ವಾಹನಗಳು ತಮ್ಮಷ್ಟಕ್ಕೆ ನಿಲ್ಲಲಾರದ ಕಾರಣ ಅವುಗಳನ್ನು ಯಾವಾಗಲೂ ಕಟ್ಟಬೇಕಾಗುತ್ತದೆ. ಪಕ್ಕದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಪಟ್ಟಿಗಳನ್ನು ಎಳೆದು ಮುಂಭಾಗದ ಸಸ್ಪೆನ್ಷನ್ ಸ್ವಲ್ಪ ಕುಗ್ಗುವಷ್ಟು ಬಿಗಿಯುವುದು ಪ್ರಚಲಿತ ವಿಧಾನ. ಆಸನದ ಮೇಲೆ ಪಟ್ಟಿ ಹಾಯಿಸುವಾಗ ನಡುವೆ ಮೆತ್ತೆ ಇಡಲಾಗುತ್ತದೆ.

ವಾಹನದೊಳಗಿನ ಸರಕು

ಲಾರಿಯನ್ನು ಎಷ್ಟೇ ಬಿಗಿಯಾಗಿ ಕಟ್ಟಿದರೂ ಅದರೊಳಗಿನ ಹೇರು ಸಡಿಲವಾಗಿದ್ದರೆ ಪ್ರಯೋಜನವಿಲ್ಲ. ರಸ್ತೆಯಲ್ಲಿ ಮುಖ್ಯವಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ಬೀಳುವ ಬಲ ಗಮನಕ್ಕೆ ಬರುತ್ತದೆ. ಸಮುದ್ರದಲ್ಲಿ ಪಕ್ಕಕ್ಕೆ ಬೀಳುವ ಬಲ ಗಂಟೆಗಟ್ಟಲೆ ಮರುಕಳಿಸುತ್ತದೆ. ರಸ್ತೆಗೆ ತಕ್ಕಂತೆ ಕಟ್ಟಿದ ಹೇರು ಸಮುದ್ರಕ್ಕೆ ಸಾಲದಿರಬಹುದು. ಈ ಕುರಿತು ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ಜಂಟಿಯಾಗಿ 2014ರಲ್ಲಿ ಸಂಹಿತೆಯೊಂದನ್ನು ಅಂತಿಮಗೊಳಿಸಿದವು.

ಯಾನದ ಅವಧಿಯಲ್ಲಿ

ಹೊಯ್ದಾಟದಿಂದ ಟೈರ್ ಮತ್ತು ಸಸ್ಪೆನ್ಷನ್‌ಗಳು ಕುಗ್ಗಿ ಹಿಗ್ಗುವುದರಿಂದ ಸರಪಳಿಗಳು ಕ್ರಮೇಣ ಸಡಿಲಗೊಳ್ಳುತ್ತವೆ. ಆದ್ದರಿಂದ ಸಿಬ್ಬಂದಿ ನಿಯಮಿತವಾಗಿ ಪರಿಶೀಲಿಸಿ ಮತ್ತೆ ಬಿಗಿಯಬೇಕು. ಬಿರುಸಿನ ಸಮುದ್ರದಲ್ಲಿ ವಾಹನ ಡೆಕ್‌ಗೆ ಇಳಿಯುವುದೇ ಅಪಾಯಕರವಾದುದರಿಂದ, ಅಂತಹ ಸಂದರ್ಭದಲ್ಲಿ ಮೊದಲು ಹಡಗಿನ ದಿಕ್ಕು ಅಥವಾ ವೇಗವನ್ನು ಬದಲಿಸಿ ಹೊರಳಾಟ ತಗ್ಗಿಸಲಾಗುತ್ತದೆ. ಅಲೆಗಳು ಪಕ್ಕದಿಂದ ಬಡಿಯದಂತೆ ಮಾರ್ಗ ಬದಲಿಸುವುದು, ತೀಕ್ಷ್ಣ ತಿರುವುಗಳನ್ನು ತಪ್ಪಿಸುವುದು, ಹೊರಳಾಟ ತಡೆಯುವ ರೆಕ್ಕೆಗಳನ್ನು ಬಳಸುವುದು ಕಪ್ತಾನನ ಕೈಯಲ್ಲಿರುವ ಉಪಾಯಗಳು. ಯಾನವನ್ನು ಮುಂದೂಡುವುದೂ ಅವುಗಳಲ್ಲಿ ಒಂದು.

ಅಂತರರಾಷ್ಟ್ರೀಯ ನಿಯಮಗಳು

ಸಾಗರದಲ್ಲಿ ಜೀವರಕ್ಷಣೆ ಕುರಿತ ಸೋಲಾಸ್ ಒಪ್ಪಂದವು ಅಂತರರಾಷ್ಟ್ರೀಯ ಯಾನದ ಹಡಗುಗಳು ಅನುಮೋದಿತ ಸರಕು ಬಂಧನ ಕೈಪಿಡಿಯನ್ನು ಹೊಂದಿರಬೇಕೆಂದು ವಿಧಿಸುತ್ತದೆ. ಯಾನದ ಅವಧಿಯಲ್ಲಿ ರೋ-ರೋ ಡೆಕ್‌ಗಳ ಮೇಲೆ ಗಸ್ತು ಅಥವಾ ಇತರ ಪರಿಣಾಮಕಾರಿ ವಿಧಾನದಿಂದ ನಿಗಾ ಇಡಬೇಕೆಂದೂ, ಹಡಗು ಚಲಿಸುತ್ತಿರುವಾಗ ಪ್ರಯಾಣಿಕರು ಅನುಮತಿಯಿಲ್ಲದೆ ವಾಹನ ಡೆಕ್‌ಗೆ ಹೋಗಬಾರದೆಂದೂ ಅದು ಹೇಳುತ್ತದೆ.

ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 1985ರ ನವೆಂಬರ್‌ನಲ್ಲಿ ಅಂಗೀಕರಿಸಿದ ಎ.581(14) ನಿರ್ಣಯವು ರಸ್ತೆ ವಾಹನಗಳ ಬಂಧನಕ್ಕೇ ಮೀಸಲಾಗಿದೆ. ಆಶ್ರಯವಿಲ್ಲದ ತೆರೆದ ನೀರಿನಲ್ಲಿ ಸಾಗುವ ರೋ-ರೋ ಹಡಗುಗಳಿಗೆ ಇದು ಅನ್ವಯಿಸುತ್ತದೆ. ಇದರಂತೆ ಡೆಕ್‌ನ ಬಂಧನ ಬಿಂದುಗಳ ನಡುವಿನ ಅಂತರ ಉದ್ದಕ್ಕೆ 2.5 ಮೀಟರ್ ಮೀರಬಾರದು, ಅಡ್ಡಕ್ಕೆ 2.8ರಿಂದ 3 ಮೀಟರ್ ಇರಬೇಕು. ಪ್ರತಿ ಬಿಂದುವಿನ ಗರಿಷ್ಠ ಬಂಧನ ಭಾರ 100 ಕಿಲೋನ್ಯೂಟನ್‌ಗಿಂತ ಕಡಿಮೆಯಿರಬಾರದು. 1991ರಲ್ಲಿ ಅಂಗೀಕಾರವಾದ ಸರಕು ಜೋಡಣೆ ಮತ್ತು ಬಂಧನದ ಸುರಕ್ಷಿತ ಪದ್ಧತಿಗಳ ಸಂಹಿತೆಯು ಎಲ್ಲ ಬಗೆಯ ಸರಕಿಗೂ ಬಲಗಳ ಲೆಕ್ಕಾಚಾರದ ವಿಧಾನ ಒದಗಿಸುತ್ತದೆ.

ಪ್ರಮುಖ ಅಪಘಾತಗಳು

ಪ್ರಿನ್ಸೆಸ್ ವಿಕ್ಟೋರಿಯಾ (1953): ಜನವರಿ 31ರಂದು ಸ್ಕಾಟ್ಲೆಂಡಿನ ಸ್ಟ್ರಾನ್ರೇರ್‌ನಿಂದ ಉತ್ತರ ಐರ್ಲೆಂಡಿನ ಲಾರ್ನ್‌ಗೆ ಹೊರಟ ಈ ಫೆರಿಯ ಹಿಂಬಾಗಿಲನ್ನು ಅಲೆಗಳು ಮುರಿದವು. ನೀರು ವಾಹನ ಡೆಕ್‌ಗೆ ನುಗ್ಗಿ, ಸರಕು ಸರಿದು ಹಡಗು ವಾಲಿ ಮುಳುಗಿತು. 130ಕ್ಕೂ ಹೆಚ್ಚು ಜನರು ಮೃತಪಟ್ಟರು.

ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ (1987): ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರೂಗೆ ಬಂದರಿನಿಂದ ಮೂತಿಯ ಬಾಗಿಲು ಮುಚ್ಚದೆಯೇ ಹೊರಟು ನಿಮಿಷಗಳಲ್ಲಿ ಮಗುಚಿತು. 193 ಜನರು ಸತ್ತರು. ಇಲ್ಲಿ ಮೂಲ ಕಾರಣ ನೀರಿನ ಪ್ರವೇಶವಾದರೂ, ಅಡ್ಡಗೋಡೆಗಳಿಲ್ಲದ ವಾಹನ ಡೆಕ್‌ನಲ್ಲಿ ನೀರಾಗಲಿ ಸರಕಾಗಲಿ ಒಂದು ಬದಿಗೆ ಹರಿದರೆ ಹಡಗು ಎಷ್ಟು ಬೇಗ ಸ್ಥಿರತೆ ಕಳೆದುಕೊಳ್ಳುತ್ತದೆ ಎಂಬುದನ್ನು ಈ ಘಟನೆ ಜಗತ್ತಿಗೆ ತೋರಿಸಿತು.

ಯಾನ್ ಹೆವೆಲಿಯುಷ್ (1993): ಜನವರಿ 14ರಂದು ಪೋಲೆಂಡಿನಿಂದ ಸ್ವೀಡನ್ನಿಗೆ ಲಾರಿ ಹಾಗೂ ರೈಲು ಬಂಡಿಗಳನ್ನು ಒಯ್ಯುತ್ತಿದ್ದ ಫೆರಿ ಬಾಲ್ಟಿಕ್ ಸಮುದ್ರದ ಚಂಡಮಾರುತದಲ್ಲಿ ಮಗುಚಿತು. ಐವತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು.

ಅರಿಯಾಕೆ (2009): ನವೆಂಬರ್ 13ರಂದು ಜಪಾನಿನ ಮಿಯೆ ಪ್ರಾಂತದ ಕಡಲಿನಲ್ಲಿ ಹಿಂಬದಿಯ ಪಕ್ಕದಿಂದ ಬಡಿದ ಭಾರಿ ಅಲೆಗೆ ಹಡಗು ವಾಲಿ, ಸರಕು ಸರಿದು, ಮತ್ತೆ ನೇರವಾಗಲಿಲ್ಲ. ಹಡಗು ನಷ್ಟವಾದರೂ ಅದರಲ್ಲಿದ್ದ 28 ಮಂದಿಯನ್ನೂ ರಕ್ಷಿಸಲಾಯಿತು.

ಸೆವೊಲ್ (2014): ಏಪ್ರಿಲ್ 16ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಿಂದ ಜೇಜು ದ್ವೀಪಕ್ಕೆ ಸಾಗುತ್ತಿದ್ದ ಫೆರಿ ಮುಳುಗಿ 304 ಜನರು ಮೃತಪಟ್ಟರು. ಅವರಲ್ಲಿ ಬಹುಪಾಲು ಶಾಲಾ ಪ್ರವಾಸದಲ್ಲಿದ್ದ ವಿದ್ಯಾರ್ಥಿಗಳು. ಅನುಮತಿಸಿದ ಪ್ರಮಾಣದ ಸುಮಾರು ಎರಡರಷ್ಟು ಸರಕು ಹೇರಲಾಗಿತ್ತು. ವಾಹನ ಮತ್ತು ಕಂಟೇನರುಗಳನ್ನು ಸರಿಯಾಗಿ ಬಿಗಿದಿರಲಿಲ್ಲ. ತೀಕ್ಷ್ಣ ತಿರುವಿನಲ್ಲಿ ಹಡಗು ವಾಲಿದಾಗ ಅವೆಲ್ಲವೂ ಒಂದು ಬದಿಗೆ ಸರಿದವು. ಅಂದು ಬಿರುಗಾಳಿ ಇರಲಿಲ್ಲ ಎಂಬುದು ಗಮನಾರ್ಹ. ಬಿಗಿಯದ ವಾಹನಗಳು ಶಾಂತ ಸಮುದ್ರದಲ್ಲಿಯೂ ಹಡಗನ್ನು ಮುಳುಗಿಸಬಲ್ಲವು.

ಯುರೋಪಿಯನ್ ಕಾಸ್‌ವೇ (2018): ಡಿಸೆಂಬರ್‌ನಲ್ಲಿ ಲಾರ್ನ್‌ನಿಂದ ಸ್ಕಾಟ್ಲೆಂಡಿನ ಕೇರ್ನ್‌ರಾಯನ್‌ಗೆ ಬಿರುಗಾಳಿಯಲ್ಲಿ ಸಾಗುತ್ತಿದ್ದಾಗ ಹಲವು ಲಾರಿಗಳು ಡೆಕ್‌ನಲ್ಲಿಯೇ ಮಗುಚಿದವು. ನಿಯಮಕ್ಕೆ ವಿರುದ್ಧವಾಗಿ ಕೆಲವು ಚಾಲಕರು ತಮ್ಮ ಕ್ಯಾಬಿನ್‌ಗಳಲ್ಲಿಯೇ ಉಳಿದಿದ್ದುದು ಬೆಳಕಿಗೆ ಬಂದಿತು.

ಭಾರತದಲ್ಲಿ

ಭಾರತದ ಬಹುತೇಕ ವಾಹನ ಫೆರಿಗಳು ನದಿ, ಹಿನ್ನೀರು ಹಾಗೂ ಕೊಲ್ಲಿಗಳ ಆಶ್ರಿತ ನೀರಿನಲ್ಲಿ ಸಾಗುತ್ತವೆ. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ಘೋಘಾ ಮತ್ತು ದಹೇಜ್ ನಡುವೆ 2017ರ ಅಕ್ಟೋಬರ್‌ನಲ್ಲಿ ಸೇವೆಗೆ ಚಾಲನೆ ದೊರೆಯಿತು. 2020ರ ನವೆಂಬರ್‌ನಲ್ಲಿ ಹಜೀರಾ–ಘೋಘಾ ರೋ-ಪ್ಯಾಕ್ಸ್ ಸೇವೆ ಆರಂಭವಾಯಿತು. ಮುಂಬಯಿ ಮತ್ತು ಮಾಂಡ್ವಾ ನಡುವಿನ ರೋ-ಪ್ಯಾಕ್ಸ್ ಸೇವೆ 2020ರ ಮಾರ್ಚ್‌ನಲ್ಲಿ ಪ್ರಾರಂಭಗೊಂಡಿತು. ಫೋರ್ಟ್ ಕೊಚ್ಚಿ–ವೈಪೀನ್ ನಡುವೆ 2018ರಿಂದ ರೋ-ರೋ ನೌಕೆಗಳು ಸಂಚರಿಸುತ್ತಿವೆ. ಗೋವಾದ ಮಾಂಡೋವಿ ನದಿಯ ರಿಬಂದರ್–ಚೋರಾವ್ ಮಾರ್ಗದಂತಹ ಫೆರಿಗಳಲ್ಲಿಯೂ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ದಾಟಿಸಲಾಗುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು ಅತ್ಯಂತ ಬಿರುಸಿನ ಕಾಲವಾಗಿದೆ. ಈ ಅವಧಿಯಲ್ಲಿ ಹವಾಮಾನ ಎಚ್ಚರಿಕೆಗಳಿಗೆ ಅನುಸಾರವಾಗಿ ಸೇವೆಗಳನ್ನು ಮೊಟಕುಗೊಳಿಸುವುದು ಅಥವಾ ನಿಲ್ಲಿಸುವುದು ಸಾಮಾನ್ಯ. ಒಳನಾಡು ಜಲಸಾರಿಗೆ ನೌಕೆಗಳ ನೋಂದಣಿ, ತಪಾಸಣೆ ಮತ್ತು ಸುರಕ್ಷತೆಗೆ 1917ರ ಕಾಯ್ದೆಯ ಬದಲಾಗಿ ಒಳನಾಡು ನೌಕೆಗಳ ಕಾಯ್ದೆ, 2021 ಜಾರಿಗೆ ಬಂದಿದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ವಾಹನ ಫೆರಿಗೆ ಅತ್ಯಂತ ಪರಿಚಿತ ಉದಾಹರಣೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಲಾಂಚ್ ಸೇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಹರಡಿದಾಗ ಕರೂರು, ಬಾರಂಗಿ ಹೋಬಳಿಗಳ ಗ್ರಾಮಗಳಿಗೆ ತಾಲ್ಲೂಕು ಕೇಂದ್ರದ ನೇರ ದಾರಿ ಕಡಿದುಹೋಯಿತು. ನಾಡಿನ ವಿದ್ಯುತ್ತಿಗಾಗಿ ಭೂಮಿ ಕಳೆದುಕೊಂಡ ಈ ಭಾಗದ ಜನರಿಗೆ ಆಸ್ಪತ್ರೆ, ಶಾಲೆ, ಮಾರುಕಟ್ಟೆಗಳಿಗೆ ಹೋಗಲು ದಶಕಗಳ ಕಾಲ ಲಾಂಚ್ ಆಸರೆಯಾಗಿತ್ತು. ಅಂಬಾರಗೋಡ್ಲು (ಹೊಳೆಬಾಗಿಲು) ಮತ್ತು ಕಳಸವಳ್ಳಿ ದಡಗಳ ನಡುವಿನ ಲಾಂಚ್ ಬಸ್ಸು, ಕಾರು, ದ್ವಿಚಕ್ರ ವಾಹನಗಳನ್ನು ದಾಟಿಸುತ್ತಿತ್ತು. ಸಿಗಂದೂರು ಚೌಡೇಶ್ವರಿ ದೇವಾಲಯಕ್ಕೆ ಹಾವೇರಿ ಜಿಲ್ಲೆಯ ಹಾನಗಲ್, ಅಕ್ಕಿಆಲೂರು, ಹಿರೇಕೆರೂರು ಕಡೆಯಿಂದ ಸಾಗರದ ಮೂಲಕ ಬರುವ ಯಾತ್ರಿಕರ ವಾಹನಗಳಿಗೂ ಇದೇ ಮಾರ್ಗವಾಗಿತ್ತು. ಕಡಲು ಕಾಣದ ಒಳನಾಡಿನ ಅನೇಕ ಚಾಲಕರಿಗೆ ನೀರಿನ ಮೇಲೆ ವಾಹನ ನಿಲ್ಲಿಸಿದ ಅನುಭವ ದೊರೆತದ್ದು ಈ ಲಾಂಚಿನಲ್ಲಿಯೇ.

ಹಿನ್ನೀರಿನಲ್ಲಿ ಸಮುದ್ರದಂತಹ ಅಲೆಗಳಿಲ್ಲದಿರುವುದರಿಂದ ಸರಪಳಿಗಿಂತ ಭಾರದ ಹಂಚಿಕೆ ಮುಖ್ಯವಾಗುತ್ತದೆ. ಚಪ್ಪಟೆ ಡೆಕ್‌ನ ನೌಕೆಯಲ್ಲಿ ಬಸ್ಸಿನಂತಹ ಭಾರಿ ವಾಹನ ನಡುಗೆರೆಯ ಮೇಲೆ ನಿಲ್ಲಬೇಕು. ಸಣ್ಣ ವಾಹನಗಳು ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗಬೇಕು. ಮುಂದಿನ ಸಾಲು ಇಳಿದಂತೆ ಭಾರ ಬದಲಾಗುವುದರಿಂದ ಇಳಿಯುವ ಕ್ರಮವೂ ಅಷ್ಟೇ ಮಹತ್ವದ್ದು. ಪ್ರಯಾಣಿಕರು ನೋಟ ನೋಡಲು ಒಂದೇ ಅಂಚಿಗೆ ಗುಂಪುಗೂಡುವುದೂ ನೌಕೆಯನ್ನು ವಾಲಿಸಬಲ್ಲದು. ಬೇಸಿಗೆಯಲ್ಲಿ ನೀರಿನ ಮಟ್ಟ ಕುಸಿದಾಗ ಲಾಂಚ್ ದಡದ ಇಳಿಜಾರಿಗೆ ಸರಿಯಾಗಿ ತಾಗದೆ ವಾಹನ ಸಾಗಣೆಯನ್ನು ಸ್ಥಗಿತಗೊಳಿಸಿದ ಸಂದರ್ಭಗಳಿವೆ.

ಈ ಮಾರ್ಗದಲ್ಲಿ ನಿರ್ಮಿಸಲಾದ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ತೂಗುತಂತಿ ಆಧಾರಿತ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ಇದರಿಂದ ವಾಹನಗಳು ಲಾಂಚನ್ನು ಅವಲಂಬಿಸುವ ಅಗತ್ಯ ಇಲ್ಲವಾಯಿತು.

ಕರಾವಳಿಯಲ್ಲಿ ಹೆದ್ದಾರಿ ಸೇತುವೆಗಳು ಬರುವ ಮುನ್ನ ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳನ್ನು ವಾಹನಗಳು ಜಂಗಲ್‌ಗಳ ಮೇಲೆ ದಾಟುತ್ತಿದ್ದವು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ತೇಲುವೇದಿಕೆಗೆ ಜಂಗಲ್ ಎಂದು ಹೆಸರು. ಉತ್ತರ ಕನ್ನಡದ ತದಡಿ ಮತ್ತು ಅಘನಾಶಿನಿ ನಡುವೆ ಅಳಿವೆ ದಾಟುವ ದೋಣಿಗಳಲ್ಲಿ ದ್ವಿಚಕ್ರ ವಾಹನಗಳನ್ನೂ ಒಯ್ಯಲಾಗುತ್ತದೆ. ತುಂಗಭದ್ರೆಯ ಆನೆಗೊಂದಿ–ಹಂಪಿ ಪರಿಸರದಲ್ಲಿಯೂ ದೋಣಿ ಮತ್ತು ಹರಿಗೋಲುಗಳಲ್ಲಿ ಬೈಕುಗಳನ್ನು ದಾಟಿಸುವ ರೂಢಿ ಇತ್ತು. ಹರಿಗೋಲಿನಂತಹ ಸಣ್ಣ ತೇಲುಸಾಧನಗಳಲ್ಲಿ ವಾಹನವು ಒಟ್ಟು ಭಾರದ ದೊಡ್ಡ ಪಾಲಾಗಿರುವುದರಿಂದ ಅದು ಅಲುಗಿದರೆ ಇಡೀ ಹರಿಗೋಲೇ ಅಲುಗುತ್ತದೆ.

ಸಮಾನ ವ್ಯವಸ್ಥೆಗಳು

ಕೊಂಕಣ ರೈಲ್ವೆಯು 1999ರ ಜನವರಿ 26ರಂದು ಆರಂಭಿಸಿದ ರೋ-ರೋ ಸೇವೆಯಲ್ಲಿ ಸರಕು ತುಂಬಿದ ಲಾರಿಗಳನ್ನು ಚಪ್ಪಟೆ ರೈಲು ಬಂಡಿಗಳ ಮೇಲೆ ಸಾಗಿಸಲಾಗುತ್ತದೆ. ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಶುರುವಾದ ಈ ಸೇವೆ ನಂತರ ಕರ್ನಾಟಕದ ಸುರತ್ಕಲ್‌ವರೆಗೆ ವಿಸ್ತರಿಸಿತು. ಇಲ್ಲಿಯೂ ಲಾರಿಯ ಗಾಲಿಗೆ ತಡೆಯಿಟ್ಟು ಬಂಡಿಗೆ ಬಿಗಿಯಲಾಗುತ್ತದೆ. ರೈಲಿನಲ್ಲಿ ಮುಖ್ಯವಾಗಿ ಹಳಿಯ ಉದ್ದಕ್ಕೆ ಬೀಳುವ ಬಲಗಳನ್ನು ಎದುರಿಸಬೇಕಾದರೆ, ಹಡಗಿನಲ್ಲಿ ಅಡ್ಡ ಬಲಗಳೇ ಪ್ರಧಾನವಾಗಿರುತ್ತವೆ.

ಚಾಲಕರು ಪಾಲಿಸಬೇಕಾದ ಕ್ರಮಗಳು

ವಾಹನದ ನಿಜವಾದ ತೂಕ ಮತ್ತು ಹೇರಿನ ಸ್ವರೂಪವನ್ನು ಹಡಗಿನ ಸಿಬ್ಬಂದಿಗೆ ತಿಳಿಸಬೇಕು. ತೂಕವನ್ನು ಕಡಿಮೆ ತೋರಿಸಿದರೆ ಸರಪಳಿಗಳ ಸಂಖ್ಯೆ ಹಾಗೂ ಹಡಗಿನ ಸ್ಥಿರತೆ ಎರಡರ ಲೆಕ್ಕವೂ ತಪ್ಪುತ್ತದೆ.

ಸೂಚಿಸಿದ ಸ್ಥಳದಲ್ಲಿಯೇ ನಿಲ್ಲಿಸಿ, ಕೈಬ್ರೇಕ್ ಹಾಕಿ, ಎಂಜಿನ್ ಆರಿಸಬೇಕು. ಗೇರ್ ಕುರಿತು ಸಿಬ್ಬಂದಿಯ ಸೂಚನೆ ಪಾಲಿಸಬೇಕು.

ಬೈಕಿನ ಹೆಲ್ಮೆಟ್, ಕಾರಿನ ಮೇಲ್ಛಾವಣಿಯ ಸಾಮಾನು, ಲಾರಿಯ ಟಾರ್ಪಾಲಿನ್ ಮುಂತಾದ ಸಡಿಲ ವಸ್ತುಗಳನ್ನು ಭದ್ರಪಡಿಸಬೇಕು.

ಹಡಗು ಹೊರಟ ಮೇಲೆ ವಾಹನದಲ್ಲಿ ಕುಳಿತಿರಬಾರದು ಅಥವಾ ಮಲಗಿರಬಾರದು. ಮಗುಚಿದ ಲಾರಿಗಳ ನಡುವೆ ಸಿಲುಕಿದವರನ್ನು ಹೊರತೆಗೆಯುವುದು ಬಂದರು ತಲುಪುವವರೆಗೂ ಸಾಧ್ಯವಾಗದಿರಬಹುದು.

ಗಮ್ಯಸ್ಥಾನ ತಲುಪಿದಾಗ ಸಿಬ್ಬಂದಿಯು ಎಲ್ಲ ಕಟ್ಟುಗಳನ್ನು ಬಿಚ್ಚಿ ಸಂಜ್ಞೆ ನೀಡಿದ ನಂತರವೇ ಎಂಜಿನ್ ಚಾಲೂ ಮಾಡಬೇಕು.

ಇವನ್ನೂ ನೋಡಿ

ಶರಾವತಿ ನದಿ
ಲಿಂಗನಮಕ್ಕಿ ಅಣೆಕಟ್ಟು
ಸಿಗಂದೂರು
ಕೊಂಕಣ ರೈಲ್ವೆ
ಹರಿಗೋಲು